ಫ್ಲ್ಯಾಟ್ ಮಾಲೀಕರ ಸಂಘ: ಮೊದಲು ಘೋಷಣಾ ಪತ್ರ, ಆಮೇಲೆ ವಂತಿಗೆ

ಕಾರವಾರದ ಹಬ್ಬುವಾಡಾ, ಕೋಡಿಬಾಗದಂಥ ಕಡೆ ಫ್ಲ್ಯಾಟ್ ಕೊಂಡವರಿಗೆ ಸಂಘದ ನೆನಪಾಗುವುದು ಮಳೆಗಾಲದಲ್ಲಿ ತಾರಸಿ ಸೋರಿದಾಗ, ಇಲ್ಲವೇ ಉಪ್ಪುಗಾಳಿಗೆ ಕಂಬದೊಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರತೊಡಗಿದಾಗ. ತರಾತುರಿಯಲ್ಲಿ ಸಭೆ ಕರೆದು, ಖಜಾಂಚಿಯನ್ನು ಆರಿಸಿ, ವಂತಿಗೆ ಎತ್ತಿದರೆ ಕಾನೂನಿನ ಕಣ್ಣಿಗೆ ಅದು ಸಂಘವಾಗುವುದಿಲ್ಲ.

ಮೊದಲು ಕಟ್ಟಡದ ಬಳಕೆಯನ್ನು ನೋಡಬೇಕು. ಅದು ಪೂರ್ತಿ ವಾಸಕ್ಕೇ ಇದ್ದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ದಾರಿ ಹಿಡಿಯಬೇಕು. ಕೆಳಗೆ ಅಂಗಡಿಗಳಿದ್ದರೆ ವಿಷಯ ಬೇರೆಯಾಗುವುದರಿಂದ ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಎರಡನೆಯದು ಘೋಷಣಾ ಪತ್ರ, ಅಂದರೆ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ದಾಖಲೆ. ಆತುರ ಸಲ್ಲದ ಹಂತವೆಂದರೆ ಇದೇ. ಜಾಗ, ಅಂತಸ್ತುಗಳು, ಪ್ರತಿ ಫ್ಲ್ಯಾಟ್‌ನ ವಿವರ, ಸಾಮಾನ್ಯ ಪ್ರದೇಶಗಳು ಮತ್ತು ಅವುಗಳಲ್ಲಿ ಪ್ರತಿ ಮಾಲೀಕರ ಅವಿಭಜಿತ ಪಾಲಿನ ಶೇಕಡಾವಾರು ಪ್ರಮಾಣವನ್ನು ಅದರಲ್ಲಿ ನಮೂದಿಸಬೇಕು. ಒಟ್ಟು ಆಸ್ತಿಯ ಮೌಲ್ಯದಲ್ಲಿ ಆ ಫ್ಲ್ಯಾಟ್‌ನ ಮೌಲ್ಯವೆಷ್ಟು ಎಂಬುದರ ಮೇಲೆ ನಿಗದಿಯಾಗುವ ಈ ಪಾಲಿನ ಪ್ರಕಾರವೇ ಮುಂದೆ ಖರ್ಚು ಹಂಚಿಕೆಯಾಗುತ್ತದೆ, ಮತ್ತು ಎಲ್ಲ ಮಾಲೀಕರೂ ಒಪ್ಪಿ ತಿದ್ದುಪಡಿ ನೋಂದಾಯಿಸದ ಹೊರತು ಅದು ಬದಲಾಗುವುದಿಲ್ಲ. ಮಾರಾಟಕ್ಕೆ ಮೊದಲೇ ಬಿಲ್ಡರ್ ತಾನೊಬ್ಬನೇ ಘೋಷಣೆ ಮಾಡಿರುವುದೂ ಉಂಟು; ಹಾಗಿದ್ದರೆ ತಾರಸಿಯನ್ನೋ ತೆರೆದ ಪಾರ್ಕಿಂಗ್ ಜಾಗವನ್ನೋ ತನಗೇ ಕಾದಿರಿಸಿಕೊಂಡಿರುವನೇ ಎಂದು ಸಾಲು ಸಾಲಾಗಿ ಓದಿ ನೋಡಬೇಕು. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಲ್ಲಿ, ಅಂದರೆ ರೇರಾದಲ್ಲಿ, ಇವೆರಡೂ ಸಾಮಾನ್ಯ ಪ್ರದೇಶಗಳೇ.

ಘೋಷಣಾ ಪತ್ರಕ್ಕೆ ಉಪವಿಧಿಗಳನ್ನು, ಅಂದರೆ ಸಂಘ ನಡೆಸುವ ನಿಯಮಗಳನ್ನು, ಲಗತ್ತಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಖಾಸಗಿ ಕಟ್ಟಡಗಳಿಗೆ ಈ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರವೆಂದರೆ ಸಹಕಾರ ಸಂಘಗಳ ನಿಬಂಧಕರು. ಪತ್ರದ ಪ್ರತಿಯನ್ನು ಅವರಿಗೂ ಸಲ್ಲಿಸಬೇಕಾಗುತ್ತದೆ.

ಬಳಿಕ ವಂತಿಗೆ. ಸಂಘ ವಿಧಿಸಿದ ವೆಚ್ಚದ ಪಾಲನ್ನು ಯಾರಾದರೂ ಕೊಡದೆ ಉಳಿಸಿಕೊಂಡರೆ ಆ ಬಾಕಿ ಅವರ ಫ್ಲ್ಯಾಟ್‌ನ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಸರ್ಕಾರ ಮತ್ತು ನಗರಸಭೆಯ ತೆರಿಗೆ, ಮೊದಲ ಅಡಮಾನ ಇವು ಮಾತ್ರ ಅದಕ್ಕಿಂತ ಮುಂದೆ ನಿಲ್ಲುತ್ತವೆ. ಮನೆಗೆ ಬೀಗ ಹಾಕಿ ಮುಂಬೈಯಲ್ಲಿರುವ ಮಾಲೀಕರಿಗೂ ಇದರಿಂದ ವಿನಾಯಿತಿಯಿಲ್ಲ.

ಇನ್ನು ಸೋರುವ ತಾರಸಿ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ಅಥವಾ ಕಾಮಗಾರಿಯ ದೋಷವನ್ನು ಗಮನಕ್ಕೆ ತಂದರೆ, ರೇರಾ ಪ್ರಕಾರ ಬಿಲ್ಡರ್ ಹೆಚ್ಚಿನ ಹಣ ಕೇಳದೆ 30 ದಿನಗಳಲ್ಲಿ ಸರಿಪಡಿಸಿಕೊಡಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆಯಿರುವುದಿಲ್ಲವಾದ್ದರಿಂದ, ಒದ್ದೆ ಗೋಡೆಯ ಫೋಟೊಗಳೊಂದಿಗೆ ಸಂಘದ ಹೆಸರಿನಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ಅದರ ರಸೀದಿಯನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು.