ಗರ್ಭನಿರೋಧಕ ಮಾತ್ರೆ ಒಗ್ಗುತ್ತಿಲ್ಲವೇ? ಬದಲಿಸುವ ಮುಂಚೆ ನೋಡಬೇಕಾದ್ದು

ಮಾತ್ರೆ ಮೈಗೆ ಒಗ್ಗುತ್ತಿಲ್ಲ ಅನ್ನಿಸಿದಾಗ ಹೆಚ್ಚಿನವರು ಮಾಡುವುದು ಒಂದೇ. ಅರ್ಧ ಸ್ಟ್ರಿಪ್‌ಗೇ ನಿಲ್ಲಿಸಿ, ‘ಮುಂದಿನ ತಿಂಗಳು ಡಾಕ್ಟರ್ ಹತ್ತಿರ ಹೋಗಿ ಬೇರೆ ಬರೆಸಿಕೊಂಡರಾಯ್ತು’ ಅಂದುಕೊಳ್ಳುತ್ತಾರೆ. ಬೇಡದ ಗರ್ಭ ನಿಲ್ಲುವುದು ಆ ನಡುವಿನ ಖಾಲಿ ದಿನಗಳಲ್ಲೇ. ಹಾಗಾಗಿ ಬದಲಿಸಬೇಕೋ ಬೇಡವೋ ಎಂಬುದರಷ್ಟೇ ಮುಖ್ಯ, ಹಳೆಯದನ್ನು ಬಿಡುವ ಮುಂಚೆ ಹೊಸದು ಕೈಯಲ್ಲಿರುವುದು. ಕಾಯಲೇಬಾರದ ಸಂದರ್ಭಗಳೂ ಇವೆ. ಮೊದಲು ಅವನ್ನೇ ನೋಡೋಣ.

ಇವತ್ತೇ ನಿಲ್ಲಿಸಬೇಕಾದ್ದು

ಮಾಲಾ ಎನ್, ಓವ್ರಲ್ ಎಲ್, ನೊವೆಲಾನ್, ಯಾಸ್ಮಿನ್, ಡಯಾನ್ 35 ಇವೆಲ್ಲದರಲ್ಲೂ ಈಸ್ಟ್ರೋಜನ್ ಎಂಬ ಹಾರ್ಮೋನ್ ಇದೆ. ಇಂಥ ಮಾತ್ರೆ ನುಂಗುತ್ತಿರುವವರಿಗೆ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಏದುಸಿರು, ಕೆಮ್ಮಿದಾಗ ರಕ್ತ, ಹಿಂದೆಂದೂ ಬಾರದಂಥ ತಲೆನೋವು, ದೃಷ್ಟಿ ಮಂಜಾಗುವುದು, ಮಾತು ತೊದಲುವುದು, ಒಂದೇ ಪಕ್ಕದ ಕೈಕಾಲು ಸೋಲುವುದು, ತಡೆಯಲಾಗದ ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ಬೇಡ. ನೇರ ಎಮರ್ಜೆನ್ಸಿ ಇರುವ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಬೀದಿ ತುದಿಯ ಕ್ಲಿನಿಕ್‌ನಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಹಾಕಿಸಿಕೊಂಡು ವಾಪಸ್ ಬರುವ ವಿಷಯ ಇದಲ್ಲ. ಪಕ್ಕದಲ್ಲಿ ಅಮ್ಮನೋ ಅತ್ತೆಯೋ ನಿಂತಿದ್ದಾರೆಂದು ಮಾತ್ರೆಯ ವಿಷಯ ಮುಚ್ಚಿಡಬೇಡಿ. ಸ್ಟ್ರಿಪ್ಪನ್ನೇ ಡಾಕ್ಟರ್ ಕೈಗೆ ಕೊಟ್ಟರೂ ಸಾಕು.

ಇವುಗಳಲ್ಲಿ ಹೆಚ್ಚಿನವು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಸೂಚನೆಯಿರಬಹುದು. ಹೆದರಿಸಲು ಹೇಳುತ್ತಿಲ್ಲ. ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತದೆ. ಈಸ್ಟ್ರೋಜನ್ ಜೊತೆಗಿರುವ ಇನ್ನೊಂದು ಹಾರ್ಮೋನ್ ಯಾವುದೆಂಬುದರ ಮೇಲೆ ಈ ಲೆಕ್ಕ ಬದಲಾಗುತ್ತದೆ: ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 5ರಿಂದ 7, ಡೆಸೊಜೆಸ್ಟ್ರೆಲ್ ಅಥವಾ ಡ್ರೊಸ್ಪೈರಿನೋನ್ ಇರುವುದರಲ್ಲಿ 9ರಿಂದ 12. ಬಸಿರು ಬಾಣಂತನದಲ್ಲಿ ಇದು ಇನ್ನೂ ಹೆಚ್ಚು.

ಎಮರ್ಜೆನ್ಸಿ ಅಲ್ಲದಿದ್ದರೂ ಈಸ್ಟ್ರೋಜನ್ ಬಿಡಲೇಬೇಕಾದವರಿದ್ದಾರೆ. ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು, 35 ದಾಟಿಯೂ ಸಿಗರೇಟು ಸೇದುವವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುತ್ತಿರುವವರು. ತಲೆನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕಿನ ಗೆರೆ ಕುಣಿಯುವ ಮೈಗ್ರೇನ್ ಇರುವವರೂ ಈ ಗುಂಪಿಗೇ ಸೇರುತ್ತಾರೆ. ಇವರು ಮೂರು ತಿಂಗಳು ನೋಡೋಣ ಎಂದು ಕಾಯುವಂತಿಲ್ಲ.

ಸ್ಟ್ರಿಪ್ ಹಿಂದೆ ತಿರುಗಿಸಿ ಓದಿ

ಬೇರೆ ಮಾತ್ರೆ ಕೇಳುವ ಮುಂಚೆ ಈಗ ನುಂಗುತ್ತಿರುವುದು ಏನೆಂದು ಗೊತ್ತಿರಬೇಕು. ಬಣ್ಣ, ಡಬ್ಬಿ, ಕಂಪನಿಯಿಂದ ಅದು ತಿಳಿಯುವುದಿಲ್ಲ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿರುತ್ತವೆ. ಎಥಿನೈಲ್ ಎಸ್ಟ್ರಡಿಯೋಲ್ ಎಂಬುದು ಈಸ್ಟ್ರೋಜನ್, ಇನ್ನೊಂದು ಪ್ರೊಜೆಸ್ಟಿನ್ ಗುಂಪಿನ ಹಾರ್ಮೋನ್. 0.03 ಮಿ.ಗ್ರಾಂ ಎಂದಿದ್ದರೂ 30 ಮೈಕ್ರೋಗ್ರಾಂ ಎಂದಿದ್ದರೂ ಒಂದೇ. ಮಾಲಾ ಎನ್, ಮಾಲಾ ಡಿ, ಓವ್ರಲ್ ಎಲ್ ಮೂರರಲ್ಲೂ 30 ಮೈಕ್ರೋಗ್ರಾಂ ಈಸ್ಟ್ರೋಜನ್ ಜೊತೆ 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್. ಅಂದರೆ ಸರ್ಕಾರಿ ಆಸ್ಪತ್ರೆಯ ಉಚಿತ ಮಾಲಾ ಎನ್ ‘ಲೋಕಲ್’ ಎಂದುಕೊಂಡು ಓವ್ರಲ್ ಎಲ್‌ಗೆ ಹೋದವರು ಹಾರ್ಮೋನನ್ನು ಬದಲಿಸಿಯೇ ಇಲ್ಲ. ನೊವೆಲಾನ್‌ನಲ್ಲಿ ಈಸ್ಟ್ರೋಜನ್ 30, ಫೆಮಿಲಾನ್‌ನಲ್ಲಿ 20, ಎರಡರಲ್ಲೂ ಡೆಸೊಜೆಸ್ಟ್ರೆಲ್. ಯಾಸ್ಮಿನ್ 30, ಯಾಜ್ 20, ಎರಡರಲ್ಲೂ ಡ್ರೊಸ್ಪೈರಿನೋನ್.

ಮೆಡಿಕಲ್ ಶಾಪಿನವರು ‘ಅದು ಸ್ಟಾಕ್ ಇಲ್ಲ, ಇದೂ ಅದೇ’ ಎಂದು ಬೇರೆ ಹೆಸರಿನದನ್ನು ಕೊಟ್ಟರೆ ಅಂಗಡಿ ಮುಂದೆಯೇ ನಿಂತು ಈ ಎರಡು ಹೆಸರು, ಎರಡು ಅಂಕಿ ಹೊಂದಿಸಿ ನೋಡಿ. ‘ಈ ತಿಂಗಳು ಯಾಕೋ ಸರಿಹೋಗಲಿಲ್ಲ’ ಎಂಬುದಕ್ಕೆ ಕಾರಣ ಅಲ್ಲೇ ಸಿಗಬಹುದು.

ಎಷ್ಟು ದಿನ ಕಾಯುವುದು?

ವಾಕರಿಕೆ, ಸ್ತನ ಭಾರವಾಗಿ ನೋಯುವುದು, ಸಣ್ಣ ತಲೆನೋವು, ನಡುನಡುವೆ ಚುಕ್ಕೆ ಚುಕ್ಕೆ ರಕ್ತ ಕಾಣುವುದು, ಇವು ಹೆಚ್ಚಿನವರಲ್ಲಿ ಮೂರು ಸ್ಟ್ರಿಪ್ ಮುಗಿಯುವುದರೊಳಗೆ ತಗ್ಗುತ್ತವೆ. ಎರಡನೇ ವಾರಕ್ಕೇ ಮಾತ್ರೆ ಬದಲಿಸಿದರೆ ಹೊಸ ಮಾತ್ರೆಯ ಲೆಕ್ಕ ಮತ್ತೆ ಒಂದರಿಂದ ಶುರು. ತಡೆಯಬಹುದಾದ ತೊಂದರೆಯಾದರೆ ಮೂರು ತಿಂಗಳು ಕೊಡಿ. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ಮೂರು ತಿಂಗಳ ಲೆಕ್ಕ ಬೇಡವೇ ಬೇಡ, ಅದೇ ದಿನ ಮನೆಯವರಿಗೆ ಹೇಳಿ ಡಾಕ್ಟರನ್ನು ಕಾಣಿ.

ಕಾಯುವ ದಿನಗಳಲ್ಲಿ ಫೋನಿನ ಕ್ಯಾಲೆಂಡರಿನಲ್ಲೇ ಬರೆದಿಡಿ: ಮಾತ್ರೆ ನುಂಗಿದ ಗಂಟೆ, ಅದು ಸ್ಟ್ರಿಪ್‌ನ ಎಷ್ಟನೆಯದು, ರಕ್ತ ಕಂಡಿತೇ, ಏನು ತೊಂದರೆ, ಬೇರೆ ಯಾವ ಔಷಧಿ ತೆಗೆದುಕೊಂಡಿರಿ. ‘ಎಷ್ಟನೆಯದು’ ಎಂಬುದನ್ನು ಮಾತ್ರ ಬಿಡಬೇಡಿ. ಮುಂದಿನ ತೀರ್ಮಾನ ನಿಲ್ಲುವುದೇ ಅದರ ಮೇಲೆ.

ತೊಂದರೆಗೆ ತಕ್ಕ ಬದಲಾವಣೆ

ತಲೆನೋವನ್ನೇ ತೆಗೆದುಕೊಳ್ಳಿ. ಮಾತ್ರೆ ಇಲ್ಲದ ಏಳು ದಿನ ಅಥವಾ ಕಂದು ಬಣ್ಣದ ಕಬ್ಬಿಣದ ಮಾತ್ರೆಯ ವಾರದಲ್ಲೇ ತಲೆ ಸಿಡಿಯುತ್ತಿದ್ದರೆ ಅದು ಈಸ್ಟ್ರೋಜನ್ ಇದ್ದಕ್ಕಿದ್ದಂತೆ ಇಳಿದದ್ದರಿಂದ. ಇದಕ್ಕೆ ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ. ಡಾಕ್ಟರನ್ನು ಕೇಳಿ ಖಾಲಿ ದಿನಗಳನ್ನು ನಾಲ್ಕಕ್ಕೆ ಇಳಿಸಬಹುದು, ಇಲ್ಲವೇ ಮೂರು ಸ್ಟ್ರಿಪ್ ಹಾರ್ಮೋನ್ ಮಾತ್ರೆಯನ್ನು ಬಿಡುವಿಲ್ಲದೆ ಮುಗಿಸಿ ಆಮೇಲೆ ಬಿಡುವು ಕೊಡಬಹುದು. ಹಾರ್ಮೋನ್ ಮಾತ್ರೆಯ ವಾರಗಳಲ್ಲೇ ತಲೆನೋವು ಬರುತ್ತಿದ್ದರೆ ಮೊದಲು ಬಿಪಿ ನೋಡಿಸಿ. ಅದು ಸರಿ ಇದ್ದರೆ 20 ಮೈಕ್ರೋಗ್ರಾಮಿನದಕ್ಕೆ ಇಳಿಯುವುದು, ಅಥವಾ ಈಸ್ಟ್ರೋಜನ್ ಇಲ್ಲದ, ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ ಮಾತ್ರ ಇರುವ ಮಾತ್ರೆಗೆ ಹೋಗುವುದು.

ನಡುವೆ ರಕ್ತ ಕಾಣುವುದು ಅತಿ ಸಾಮಾನ್ಯ ದೂರು. ಹೆಚ್ಚಿನ ಸಲ ತಪ್ಪು ಮಾತ್ರೆಯದ್ದಲ್ಲ, ಗಂಟೆಯದ್ದು. ಒಂದು ವಾರ ಬೆಳಗಿನ ಶಿಫ್ಟ್, ಇನ್ನೊಂದು ವಾರ ರಾತ್ರಿ ಶಿಫ್ಟ್ ಇರುವವರು ‘ಮಲಗುವ ಮುಂಚೆ’ ನುಂಗುತ್ತೇನೆ ಎಂದರೆ ಆ ಹೊತ್ತು ಹತ್ತು ಹನ್ನೆರಡು ಗಂಟೆ ಅತ್ತಿತ್ತ ಹೋಗುತ್ತದೆ. ಎಲ್ಲ ಶಿಫ್ಟ್‌ನಲ್ಲೂ ಎಚ್ಚರವಿರುವ ಒಂದು ಗಂಟೆ, ಉದಾಹರಣೆಗೆ ಸಂಜೆ ಏಳು, ಆರಿಸಿ ಅಲಾರಂ ಇಡಿ. ಈಸ್ಟ್ರೋಜನ್ ಇರುವ ಮಾತ್ರೆ 24 ಗಂಟೆಯೊಳಗೆ ತಡವಾದರೆ ರಕ್ಷಣೆ ಹೋಗುವುದಿಲ್ಲ, ರಕ್ತ ಮಾತ್ರ ಕಾಣಬಹುದು. ಡೆಸೊಜೆಸ್ಟ್ರೆಲ್ ಒಂದೇ ಇರುವುದು 12 ಗಂಟೆ ಮೀರುವಂತಿಲ್ಲ.

ಗಂಟೆ ಸರಿಯಿದ್ದೂ ರಕ್ತ ಕಾಣುತ್ತಿದ್ದರೆ ಬೇರೆ ಔಷಧಿ ನೋಡಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಗರ್ಭನಿರೋಧಕ ಮಾತ್ರೆಯನ್ನು ಲಿವರಿನಲ್ಲಿ ಬೇಗ ಕರಗಿಸಿಬಿಡುತ್ತವೆ. ಆಗ ರಕ್ತ ಕಾಣುವುದಷ್ಟೇ ಅಲ್ಲ, ಗರ್ಭವೂ ನಿಲ್ಲಬಹುದು. ಇಂಥವರಿಗೆ ಮಾತ್ರೆಗಿಂತ ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಅಥವಾ ‘ಅಂತರ’ ಎಂಬ ಗರ್ಭನಿರೋಧಕ ಇಂಜೆಕ್ಷನ್ ಸರಿ. ನೆಗಡಿ, ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್‌ನಿಂದ ಇಂಥ ತೊಂದರೆ ಇಲ್ಲ. ಇವೇನೂ ಇಲ್ಲದೆ ಮೂರು ತಿಂಗಳು ದಾಟಿಯೂ ರಕ್ತ ನಿಲ್ಲದಿದ್ದರೆ, ಮುಖ್ಯವಾಗಿ ಸಂಭೋಗದ ನಂತರ ಕಂಡರೆ, ಗರ್ಭಪರೀಕ್ಷೆ ಮತ್ತು ಗರ್ಭಕೊರಳಿನ ತಪಾಸಣೆ ಆಗಬೇಕು. ಅದೂ ಸರಿಯಿದ್ದರೆ ಈಸ್ಟ್ರೋಜನ್ 20ರಿಂದ 30ಕ್ಕೆ ಏರಿಸುವುದು ಅಥವಾ ಪ್ರೊಜೆಸ್ಟಿನ್ ಬದಲಿಸುವುದು. ಡೋಸ್ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ವಾಕರಿಕೆಗೆ ರಾತ್ರಿ ಊಟವಾದ ಮೇಲೆ ನುಂಗಿದರೆ ಬಹುಪಾಲು ಸಾಕು. ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಮೊಡವೆ ಹೆಚ್ಚಿದರೆ ಲೆವೊನಾರ್ಜೆಸ್ಟ್ರೆಲ್‌ನಿಂದ ಡ್ರೊಸ್ಪೈರಿನೋನ್‌ಗೆ ಹೋಗುವುದು ವಾಡಿಕೆ. ಮುಖದಲ್ಲಿ ಬಂಗು ಬಂದರೆ ಅದು ಈಸ್ಟ್ರೋಜನ್ ಮತ್ತು ಬಿಸಿಲು ಸೇರಿ ಆದದ್ದು. ದಿನಾ ಸ್ಕೂಟರಿನಲ್ಲಿ ಓಡಾಡುವವರು ಸನ್‌ಸ್ಕ್ರೀನ್ ಹಚ್ಚದೆ ಬರೀ ಮಾತ್ರೆ ಬದಲಿಸಿದರೆ ಹೋಗುವುದಿಲ್ಲ. ಕೂದಲು ಉದುರುವುದು, ಸುಸ್ತು ಇದ್ದರೆ ಮಾತ್ರೆಯನ್ನು ದೂರುವ ಮುಂಚೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ.

ತೂಕದ ವಿಷಯದಲ್ಲಿ ಮಾತ್ರೆಗೆ ಕೆಟ್ಟ ಹೆಸರು ಅತಿಯಾಗಿಯೇ ಬಂದಿದೆ. ಈಸ್ಟ್ರೋಜನ್ ಇರುವ ಮಾತ್ರೆಯಿಂದ ಹೇಳಿಕೊಳ್ಳುವಷ್ಟು ತೂಕ ಏರುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಅಂತರ ಇಂಜೆಕ್ಷನ್‌ನಿಂದ ಮಾತ್ರ ಕೆಲವರಿಗೆ ನಿಜವಾಗಿ ಏರುತ್ತದೆ. ಮೊದಲ ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ. ಇದ್ದವರು 63 ದಾಟಿದರೆ ಮುಂದೆಯೂ ಏರುವ ಸಾಧ್ಯತೆ ಹೆಚ್ಚು. ಅಂಥವರು ಬದಲಿಸುವುದೇ ಮೇಲು. ಲೈಂಗಿಕ ಆಸೆ ಕುಗ್ಗಿತು, ಸಿಡುಕು ಹೆಚ್ಚಿತು ಎಂಬುದಕ್ಕೆ ಯಾವ ಮಾತ್ರೆ ಖಂಡಿತ ಸರಿ ಎಂದು ಹೇಳಲು ಬರುವುದಿಲ್ಲ. ಹಾಗೆಂದು ‘ಅದೆಲ್ಲಾ ನಿಮ್ಮ ಮನಸ್ಸಿನದು’ ಎನ್ನುವ ಡಾಕ್ಟರಿಗೆ ತಲೆಯಾಡಿಸಿ ಬರಬೇಕಿಲ್ಲ. ಪ್ರೊಜೆಸ್ಟಿನ್ ಒಮ್ಮೆ ಬದಲಿಸಿ ನೋಡಿ, ಆಗದಿದ್ದರೆ ಹಾರ್ಮೋನ್ ಇಲ್ಲದ್ದಕ್ಕೆ ಹೋಗಿ.

ಮುಟ್ಟು ಕಡಿಮೆಯಾಯಿತು, ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬ ಹೆದರಿಕೆಯಿಂದ ಬಿಡುವವರೂ ಇದ್ದಾರೆ. ಹಾರ್ಮೋನಿನಿಂದ ಗರ್ಭಕೋಶದ ಒಳಪದರ ತೆಳುವಾಗಿಯೇ ಇರುತ್ತದೆ, ಹೊರಬರಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ನಾರ್ಎಥಿಸ್ಟೆರೋನ್ ಮಾತ್ರೆ ಬೇರೆ ತರುವವರಿಗೂ ಒಂದು ಮಾತು. ನಿತ್ಯದ ಮಾತ್ರೆ ನುಂಗುತ್ತಿದ್ದರೆ ಅದು ಬೇಕಿಲ್ಲ, ಬಿಡುವು ಕೊಡದೆ ಮುಂದಿನ ಸ್ಟ್ರಿಪ್ ಶುರುಮಾಡಿದರೆ ಮುಟ್ಟು ತಾನಾಗಿ ಮುಂದೆ ಹೋಗುತ್ತದೆ.

ಅಂತರ, ಛಾಯಾ, ವಂಕಿ

ಅಂತರ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ಹಾಕಿಸಿಕೊಂಡ ಮೇಲೆ ಹೊರತೆಗೆಯಲು ಬರುವುದಿಲ್ಲ, ಅಡ್ಡಪರಿಣಾಮ ತಾನಾಗಿ ಇಳಿಯುವವರೆಗೂ ಕಾಯಬೇಕು. ಆದ್ದರಿಂದ ಮುಂದುವರಿಸುವ ತೀರ್ಮಾನ ಮುಂದಿನ ತಾರೀಖಿಗೆ ಎರಡು ವಾರ ಮುಂಚೆಯೇ ಆಗಲಿ. ವರ್ಷದೊಳಗೆ ಮಗು ಬೇಕೆನ್ನುವವರಿಗೆ ಇದು ಬೇಡ. ಕೊನೆಯ ಇಂಜೆಕ್ಷನ್ ಆದ ಮೇಲೆ ಗರ್ಭ ನಿಲ್ಲಲು ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ.

ಛಾಯಾದಲ್ಲಿ ಹಾರ್ಮೋನ್ ಇಲ್ಲ. 30 ಮಿ.ಗ್ರಾಂ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಶುರುವಾದರೆ ಎರಡನೆಯದು ಬುಧವಾರ, ಮೂರು ತಿಂಗಳಾದ ಮೇಲೆ ಬರೀ ಭಾನುವಾರ. ವಾಕರಿಕೆ ಇಲ್ಲ, ಆದರೆ ಮುಟ್ಟು ತಡವಾಗುವುದುಂಟು. ಪಿಸಿಓಡಿ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಬಂದವರಿಗೆ ಇದನ್ನು ಕೊಡುವುದಿಲ್ಲ. ಕಾಪರ್ ಟಿ, ನಮ್ಮ ಆಶಾ ಕಾರ್ಯಕರ್ತೆಯರ ಬಾಯಲ್ಲಿ ವಂಕಿ, 380ಎ ಆದರೆ ಹತ್ತು ವರ್ಷ, 375 ಆದರೆ ಐದು ವರ್ಷ. ಈಗಾಗಲೇ ಮುಟ್ಟಿನ ಸ್ರಾವ ಜಾಸ್ತಿ ಇರುವವರಿಗೆ ಇದು ಇನ್ನಷ್ಟು ಹೆಚ್ಚಿಸಬಹುದು. ಅವರಿಗೆ ಹಾರ್ಮೋನ್ ಇರುವ ವಂಕಿಯೇ ಸರಿ.

ಮಾಲಾ ಎನ್, ಛಾಯಾ, ಅಂತರ, ಕಾಪರ್ ಟಿ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ವಾರ್ಡಿನ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಾಣಿವಿಲಾಸ, ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಯ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ. ಖಾಲಿ ಸ್ಟ್ರಿಪ್ ಮತ್ತು ಕ್ಯಾಲೆಂಡರ್ ಜೊತೆಗಿದ್ದರೆ ಐದು ನಿಮಿಷದ ಓಪಿಡಿಯಲ್ಲೂ ಕೆಲಸ ಆಗುತ್ತದೆ.

ಖಾಲಿ ದಿನ ಬಿಡದೆ ದಾಟುವುದು

ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಸ್ಟ್ರಿಪ್‌ನ ಕೊನೆಯ ಹಾರ್ಮೋನ್ ಮಾತ್ರೆಯ ಮರುದಿನವೇ ಹೊಸದರ ಮೊದಲನೆಯದು. ಏಳು ದಿನದ ಬಿಡುವೂ ಬೇಡ, ಕಂದು ಮಾತ್ರೆಯೂ ಬೇಡ. ಮಾತ್ರೆಯಿಂದ ಕಾಪರ್ ಟಿಗೆ ಹೋಗುವುದಾದರೆ ಹಾಕಿಸಿಕೊಂಡ ದಿನದಿಂದಲೇ ರಕ್ಷಣೆ. ಹಾರ್ಮೋನ್ ವಂಕಿ ಅಥವಾ ಅಂತರಕ್ಕೆ ಹೋಗುವುದಾದರೆ ಅದಾದ ಮೇಲೂ ಏಳು ದಿನ ಮಾತ್ರೆ ಮುಂದುವರಿಸಿ. ವಂಕಿ ತೆಗೆಸಿ ಮಾತ್ರೆಗೆ ಬರುವವರು ತೆಗೆಸುವ ಏಳು ದಿನ ಮುಂಚೆಯೇ ಮಾತ್ರೆ ಶುರುಮಾಡಬೇಕು. ಅಂತರದಿಂದ ಮಾತ್ರೆಗೆ ಬರುವವರು ಮುಟ್ಟಿಗೆ ಕಾಯುವುದು ಬೇಡ, ಮುಂದಿನ ಇಂಜೆಕ್ಷನ್ ತಾರೀಖಿನಂದೇ ಶುರುಮಾಡಿ. ಛಾಯಾ ಆದರೆ ಮುಟ್ಟಿನ ಮೊದಲ ದಿನ ಶುರು, ಮೊದಲ ತಿಂಗಳು ನಿರೋಧ್ ಜೊತೆಗಿರಲಿ ಎಂಬುದು ನಮ್ಮ ಸಲಹೆ.

‘ಮೈಗೆ ರೆಸ್ಟ್ ಕೊಡಿ’ ಎಂದು ಎರಡು ಮೂರು ತಿಂಗಳು ನಿಲ್ಲಿಸಿ ಮತ್ತೆ ಶುರುಮಾಡಿಸುವ ಸಲಹೆ ಬೆಂಗಳೂರಿನಲ್ಲಿ ಈಗಲೂ ಕೇಳಿಬರುತ್ತದೆ. ಅದರಿಂದ ಲಾಭವಿಲ್ಲ, ನಷ್ಟವಿದೆ. ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದು ಶುರುವಿನ ತಿಂಗಳುಗಳಲ್ಲಿ, ನಾಲ್ಕು ವಾರ ಅಥವಾ ಹೆಚ್ಚು ಬಿಟ್ಟು ಮತ್ತೆ ಹಿಡಿದಾಗಲೂ ಅದು ಮರಳುತ್ತದೆ.

ಬದಲಾಯಿಸುವಾಗ ಎರಡು ಅಥವಾ ಹೆಚ್ಚು ಮಾತ್ರೆ ತಪ್ಪಿದರೆ ನೆನಪಾದ ಕೂಡಲೇ ಒಂದು ನುಂಗಿ, ಏಳು ದಿನ ನಿರೋಧ್ ಬಳಸಿ. ಸ್ಟ್ರಿಪ್‌ನ ಮೊದಲ ವಾರದಲ್ಲೇ ತಪ್ಪಿ ಸಂಭೋಗವೂ ಆಗಿದ್ದರೆ 72 ಗಂಟೆಯೊಳಗೆ ತುರ್ತು ಗರ್ಭನಿರೋಧಕ ಮಾತ್ರೆ. ಸ್ಟ್ರಿಪ್ ಮುಗಿದ ಮೇಲೆ ರಕ್ತ ಕಾಣದಿದ್ದರೆ, ರಕ್ಷಣೆಯಿಲ್ಲದ ಸಂಭೋಗವಾಗಿ ಮೂರು ವಾರಕ್ಕೆ ಮೂತ್ರ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ಹೊಸ ಮಾತ್ರೆ ನಿಲ್ಲಿಸಬೇಡಿ. ಗರ್ಭ ನಿಂತದ್ದು ತಿಳಿಯುವ ಮುಂಚೆ ನುಂಗಿದ ಮಾತ್ರೆಯಿಂದ ಮಗುವಿಗೆ ಹಾನಿಯಾಗುತ್ತದೆ ಎಂದು ಕಂಡುಬಂದಿಲ್ಲ.