ಪೆಟ್ಟಿಗೆಯ ಬಟ್ಟೆಗೆ ಹೊಸ ಹೊಲಿಗೆ: ಶಿರಸಿ, ಕಾರವಾರದ ಕಡೆಯವರಿಗೊಂದು ಕೈಪಿಡಿ

ಉತ್ತರ ಕನ್ನಡದಲ್ಲಿ ಹಳೆಯ ಬಟ್ಟೆಗಳನ್ನು ಹುಡುಕಿ ತಂದು, ತನ್ನ ಮೈಗೂ ಮನಸ್ಸಿಗೂ ಒಗ್ಗುವಂತೆ ಬದಲಿಸಿ ತೊಡಬೇಕೆನ್ನುವವರು ಎಲ್ಲಕ್ಕಿಂತ ಮೊದಲು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಬಟ್ಟೆ ಪೆಟ್ಟಿಗೆಯೊಳಗೆ ಇದ್ದಲ್ಲಿಯೇ ತೇವ ಹೀರುತ್ತದೆ. ಘಟ್ಟದ ಮೇಲಿನ ಮನೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ಹುಕ್ಕುಗಳು ತುಕ್ಕು ಹಿಡಿದು ಸುತ್ತಲಿನ ನೂಲನ್ನೂ ತಿನ್ನುತ್ತವೆ. ಹೀಗಾಗಿ ಒಣ ಊರುಗಳಲ್ಲಿ ಐವತ್ತು ವರ್ಷ ಗಟ್ಟಿಯಾಗಿ ಉಳಿಯುವ ಬಟ್ಟೆ ಇಲ್ಲಿ ಅಷ್ಟು ಗಟ್ಟಿಯಿರುತ್ತದೆಂದು ನಂಬುವಂತಿಲ್ಲ. ಬಣ್ಣಕ್ಕೆ, ಅಂಚಿಗೆ, ಹಳೆಯ ಕಾಲದ ಚೂಪು ಕಾಲರಿಗೆ ಮರುಳಾಗುವ ಮೊದಲು ನೂಲಿನ ಬಲವನ್ನು ನೋಡುವುದೇ ಈ ಕೆಲಸದ ಮುಕ್ಕಾಲು ಭಾಗ ಎಂಬುದು ನನ್ನ ಅಭಿಪ್ರಾಯ.

ಹುಡುಕಾಟವನ್ನು ಮನೆಯಿಂದಲೇ ಆರಂಭಿಸುವುದು ಒಳ್ಳೆಯದು. ಅಜ್ಜಿಯ ಹದಿನೆಂಟು ಮೊಳದ ಸೀರೆ, ಅಜ್ಜನ ಖಾದಿ ಜುಬ್ಬ, ಚಿಕ್ಕಪ್ಪ ಕಾಲೇಜಿಗೆ ಹೋಗುವಾಗ ಹೊಲಿಸಿದ ಟೆರಿಕಾಟ್ ಅಂಗಿ, ಅತ್ತೆಯ ಮದುವೆಯ ಕುಪ್ಪಸ, ಇವೆಲ್ಲ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಗುತ್ತವೆ. ಕೇಳಿ ತೆಗೆದುಕೊಳ್ಳಬೇಕು, ಮತ್ತು ಕತ್ತರಿಸುವ ಉದ್ದೇಶವಿದ್ದರೆ ಅದನ್ನೂ ಮೊದಲೇ ಹೇಳಿಬಿಡಬೇಕು. ಹಳೆಯ ಬಟ್ಟೆಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡುತ್ತ ಮನೆ ಮನೆಗೆ ಬರುವವರ ಗಂಟಿನಲ್ಲಿ ಒಮ್ಮೊಮ್ಮೆ ಒಳ್ಳೆಯ ಕೈಮಗ್ಗದ ಸೀರೆಗಳಿರುತ್ತವೆ, ಅವರು ನಗದಿಗೂ ಮಾರುತ್ತಾರೆ. ಕಾರವಾರದವರಿಗೆ ಗೋವಾ ಹತ್ತಿರ: ಶುಕ್ರವಾರ ಮಾಪುಸಾದ ಸಂತೆ, ಪ್ರವಾಸಿಗರ ಕಾಲದಲ್ಲಿ ಬುಧವಾರ ಅಂಜುನಾದ ಬಯಲು ಸಂತೆ ಎರಡೂ ಇವೆ, ಆದರೆ ಅಂಜುನಾದಲ್ಲಿ ಹೇಳುವ ಬೆಲೆ ಪ್ರವಾಸಿಗರಿಗಾಗಿ ಇಟ್ಟದ್ದು. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಲೇಸು, ಪಟ್ಟಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಬಹುದು. ಕಾರವಾರದ ಭಾನುವಾರದ ಸಂತೆಯಾಗಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಅಂಗಡಿ ಸಾಲಾಗಲಿ, ಹಳೆಯ ಬಟ್ಟೆಗಿಂತ ಅದಕ್ಕೆ ಜೊತೆಯಾಗುವ ಗುಂಡಿ, ಮಣಿ, ರಿಬ್ಬನ್ ಹುಡುಕುವುದಕ್ಕೆ ತಕ್ಕ ಜಾಗಗಳು.

ಬಟ್ಟೆ ಕೈಗೆ ಬಂದಮೇಲೆ ಅದನ್ನು ಬೆಳಕಿಗೆ ಹಿಡಿಯಬೇಕು. ಕಂಕುಳು, ಕತ್ತಿನ ಹಿಂಭಾಗ, ಮೊಣಕೈ, ಪ್ಯಾಂಟಾದರೆ ಕುಳಿತುಕೊಳ್ಳುವ ಜಾಗ, ಸೀರೆಯಾದರೆ ವರ್ಷಗಟ್ಟಲೆ ಒಂದೇ ಕಡೆ ಮಡಿಸಿಟ್ಟ ಗೆರೆಗಳು, ಇಲ್ಲೆಲ್ಲ ನೂಲು ತೆಳುವಾಗಿದ್ದರೆ ಬೆಳಕು ಸಣ್ಣ ಸಣ್ಣ ಚುಕ್ಕೆಗಳಾಗಿ ಕಾಣಿಸುತ್ತದೆ. ಆಮೇಲೆ ಎರಡೂ ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಹಿಡಿದು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೆಯಬೇಕು. ಕಾಗದದಂತೆ ಚರ್ರೆಂದರೆ ಅದು ತೊಡುವ ಬಟ್ಟೆಯಾಗಿ ಉಳಿಯುವುದಿಲ್ಲ, ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಬೇಕು. ಇಳಕಲ್ ಸೀರೆಯಲ್ಲಿ ಇನ್ನೊಂದು ಜಾಗವನ್ನು ನೋಡಬೇಕಾಗುತ್ತದೆ. ಅದರ ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ, ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಇವೆರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯ ಸಾಲು ಸಡಿಲವಾಗಿದ್ದರೆ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಬಟ್ಟೆಗಳೆಂದು ಲೆಕ್ಕ ಹಾಕಿ ಬೆಲೆ ಕಟ್ಟಬೇಕು.

ನೂಲು ಯಾವುದೆಂದು ತಿಳಿಯದಿದ್ದಾಗ ಒಳಗಿನ ಮಡಿಕೆಯಿಂದ ಒಂದೆಳೆ ತೆಗೆದು ಚಿಮುಟಿಗೆಯಲ್ಲಿ ಹಿಡಿದು ಸುಡಬಹುದು. ಹತ್ತಿ ಕಾಗದದ ವಾಸನೆಯೊಂದಿಗೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಕರಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಮುಂದೆ ತೊಳೆಯುವುದು, ಇಸ್ತ್ರಿ, ಬಣ್ಣ ಎಲ್ಲವೂ ಈ ಒಂದು ಎಳೆಯ ಮೇಲೆ ನಿಂತಿವೆ. ಜರಿಯಂಚಿನ ಹಳೆಯ ರೇಷ್ಮೆ ಸೀರೆಯನ್ನು ಕತ್ತರಿಸುವ ಮುನ್ನ ಜರಿಯನ್ನು ಬೆಳ್ಳಿ ಅಂಗಡಿಯಲ್ಲಿ ತೋರಿಸುವುದು ಒಳ್ಳೆಯದು, ಏಕೆಂದರೆ ಅಸಲಿ ಜರಿ ಎಂದರೆ ಚಿನ್ನದ ಲೇಪವಿರುವ ಬೆಳ್ಳಿಯೆಳೆ. ಅಂಚು ಕಪ್ಪಾಗಿರುವುದು ಬೆಳ್ಳಿಯ ಲಕ್ಷಣವೂ ಆಗಿರಬಹುದು. ಬೀದಿಯಲ್ಲಿ ಹಳೆ ಜರಿ ಸೀರೆ ಕೇಳಿಕೊಂಡು ಬರುವವರು ಆ ಬೆಳ್ಳಿಗಾಗಿಯೇ ಬರುತ್ತಾರೆ.

ನಮ್ಮ ಜಿಲ್ಲೆಯ ಬಟ್ಟೆಗಳಿಗೆ ನಮ್ಮದೇ ಕಲೆಗಳಿವೆ. ಅಡಿಕೆಯ ಚೊಗರು, ಬಾಳೆಯ ಸೊನೆ, ಗೇರುಹಣ್ಣಿನ ರಸ, ಈ ಮೂರೂ ಒಮ್ಮೆ ಹತ್ತಿಯಲ್ಲಿ ಕೂತರೆ ಎದ್ದು ಹೋಗುವುದಿಲ್ಲ. ಸಾಬೂನು, ಸೋಡಾ ಹಾಕಿ ತಿಕ್ಕಿದಷ್ಟೂ ಗಾಢವಾಗುತ್ತವೆ. ಇಂಥ ಕಲೆಯಿರುವ ಬಟ್ಟೆಯನ್ನು ಬಿಳುಪು ಮಾಡುವ ಆಸೆ ಬಿಟ್ಟು, ಮೇಲೆ ತುಂಡು ಹೊಲಿಯುವುದೋ ಇಡೀ ಬಟ್ಟೆಗೆ ಬಣ್ಣ ಹಾಕುವುದೋ ಎಂದು ಆಗಲೇ ನಿರ್ಧರಿಸಬೇಕು. ಹುಕ್ಕಿನ ತುಕ್ಕುಕಲೆ ಮಾತ್ರ ಹತ್ತಿಯಲ್ಲಿ ಲಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ಬಹುಪಾಲು ಹೋಗುತ್ತದೆ.

ಬೂಷ್ಟು ಹಿಡಿದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಬ್ರಷ್ಷಿನಿಂದ ಉಜ್ಜಿ, ಹತ್ತಿಯಾದರೆ ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ತೊಳೆದು ಬಿಸಿಲಿಗೆ ಹಾಕಬೇಕು. ರೇಷ್ಮೆಗೂ ಇಳಕಲ್‌ಗೂ ಅಂಟುವಾಳಕಾಯಿಯೇ ಸರಿ: ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೊರೆನೀರಿನಲ್ಲಿ ಅದ್ದಿ ತೆಗೆದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ, ನೆರಳಿನಲ್ಲಿ ಹರಡಬೇಕು. ಕೆಂಪು ಸೆರಗು ಬಣ್ಣ ಬಿಡುವ ಸಂಭವವಿರುವುದರಿಂದ ಮೊದಲು ಅದರ ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿಕೊಳ್ಳಬೇಕು.

ಬಣ್ಣದ ವಿಷಯದಲ್ಲಿ ಶಿರಸಿ, ಸಿದ್ದಾಪುರದ ಕಡೆಯವರಿಗೆ ಒಂದು ಅನುಕೂಲವಿದೆ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವಾಗ ಹಂಡೆಯಲ್ಲಿ ಉಳಿಯುವ ಕಂದುಗೆಂಪು ಚೊಗರೇ ಬಟ್ಟೆಯ ಬಣ್ಣ. ಸಾಗರ ತಾಲೂಕಿನ ಹೆಗ್ಗೋಡಿನ ಚರಕ ಸಂಸ್ಥೆ ತನ್ನ ಕೈಮಗ್ಗದ ಬಟ್ಟೆಗಳಿಗೆ ಇದನ್ನೇ ಬಳಸುತ್ತದೆ. ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇರುವುದರಿಂದ ಹತ್ತಿ ಅದನ್ನು ಸುಲಭವಾಗಿ ಹಿಡಿಯುತ್ತದೆ. ಬಟ್ಟೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದು ಗಂಜಿ, ಎಣ್ಣೆ ಎಲ್ಲ ಹೋಗುವಂತೆ ಮಾಡಿ, ಒದ್ದೆಯಿರುವಾಗಲೇ ಸೋಸಿದ ಚೊಗರು ಬೆರೆಸಿದ ನೀರಿಗೆ ಹಾಕಿ, ಕುದಿ ಬರದಷ್ಟು ಬಿಸಿಯಲ್ಲಿ ಸುಮಾರು ಒಂದು ಗಂಟೆ ಕೈಯಾಡಿಸುತ್ತಿರಬೇಕು. ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಮೋಡ ಮೋಡವಾಗಿ ಬಣ್ಣ ಕೂರುತ್ತದೆ; ಅದು ಬೇಕೆಂದೇ ಮಾಡುವವರೂ ಇದ್ದಾರೆ. ನಂತರ 100 ಗ್ರಾಂ ಒಣ ಬಟ್ಟೆಗೆ ಸುಮಾರು 15 ಗ್ರಾಂ ಪಟಿಕವನ್ನು (ಆಲಂ) ಬಿಸಿನೀರಿನಲ್ಲಿ ಕರಗಿಸಿ, ಅದರಲ್ಲಿ ಅರ್ಧ ಗಂಟೆ ಇಟ್ಟರೆ ಬಣ್ಣ ನಿಲ್ಲುತ್ತದೆ. ಬೂದುಗಪ್ಪು ಛಾಯೆ ಬೇಕಾದವರು ಪಟಿಕದ ಬದಲು ಅನ್ನಭೇದಿ (ಕಬ್ಬಿಣದ ಲವಣ) ಹಾಕಬಹುದು, ಆದರೆ 100 ಗ್ರಾಂ ಬಟ್ಟೆಗೆ ಒಂದೆರಡು ಗ್ರಾಂ ಸಾಕು. ಕಬ್ಬಿಣದ ಅಂಶ ಹೆಚ್ಚಾದರೆ ನೂಲು ಕಾಲಕ್ರಮದಲ್ಲಿ ಸವೆದು ಹೋಗುತ್ತದೆ, ಮೊದಲೇ ಸವೆದಿರುವ ಹಳೆಯ ಬಟ್ಟೆಯಂತೂ ಬೇಗನೆ.

ಪಾತ್ರೆ ಸ್ಟೀಲಿನದಾಗಿರಲಿ ಮತ್ತು ಅಡುಗೆಗೆ ಮತ್ತೆ ಬಳಸದಂಥದ್ದಾಗಿರಲಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಅನ್ನಭೇದಿ ಹಾಕದೆಯೇ ಬಣ್ಣ ಕಪ್ಪಿಗೆ ತಿರುಗುತ್ತದೆ. ಬಟ್ಟೆಯ ಮೇಲಿದ್ದ ಹಳೆಯ ಅಡಿಕೆ ಕಲೆಯೂ ಟ್ಯಾನಿನ್ನೇ ಆದ್ದರಿಂದ ಅನ್ನಭೇದಿಯ ನೀರಿನಲ್ಲಿ ಆ ಜಾಗ ಇನ್ನಷ್ಟು ಕಪ್ಪಾಗುತ್ತದೆ. ಹೀಗಾಗಿ ಕಲೆ ಎಲ್ಲಿದೆಯೆಂಬುದನ್ನು ನೋಡಿಕೊಂಡು, ಎದೆಯ ನಡುವೆ ಒಂಟಿ ಮಚ್ಚೆಯಿದ್ದರೆ ಪಟಿಕವನ್ನೇ ಆರಿಸಿಕೊಳ್ಳುವುದು ಒಳಿತು. ಪಾಲಿಯೆಸ್ಟರ್ ದಾರದ ಹೊಲಿಗೆ ಬಣ್ಣ ಹಿಡಿಯುವುದಿಲ್ಲ. ಕಂದು ಅಂಗಿಯ ಮೇಲೆ ಬಿಳಿ ಹೊಲಿಗೆಯ ಸಾಲುಗಳು ಎದ್ದು ಕಾಣುವುದು ನನಗಂತೂ ಇಷ್ಟ.

ಇನ್ನು ಕತ್ತರಿ. ಅದಕ್ಕೆ ಮೊದಲು ಬಿಚ್ಚುವ ಕೆಲಸವಿದೆ. ಹಳೆಯ ಕುಪ್ಪಸಗಳ ಒಳಬದಿಯಲ್ಲಿ ದರ್ಜಿಗಳು ಮುಂದೆ ಸಡಿಲಿಸಲೆಂದು ಬಟ್ಟೆ ಬಿಟ್ಟಿರುತ್ತಾರೆ. ಆ ಹೊಲಿಗೆ ಬಿಚ್ಚಿದರೆ ಎರಡೂ ಪಕ್ಕ ಸೇರಿ ಒಂದೆರಡು ಇಂಚು ಸಿಗಬಹುದು. ಗಂಡಸರ ಅಂಗಿಯ ಕಾಲರ್ ಮಡಿಕೆಯಲ್ಲಿ ಹರಿದಿದ್ದರೆ ಅಂಗಿ ಕೆಟ್ಟಿತೆಂದು ತಿಳಿಯಬೇಕಿಲ್ಲ: ಕಾಲರನ್ನು ಪಟ್ಟಿಯಿಂದ ಬಿಚ್ಚಿ, ತಿರುಗಿಸಿ, ಹರಿದ ಮುಖ ಒಳಗೆ ಹೋಗುವಂತೆ ಮತ್ತೆ ಹೊಲಿದರೆ ಹೊಸ ಕಾಲರಾಗುತ್ತದೆ, ಇಲ್ಲವೇ ಕಾಲರನ್ನು ಪೂರ್ತಿ ತೆಗೆದು ಪಟ್ಟಿಯನ್ನಷ್ಟೇ ನಿಲ್ಲಿಸಬಹುದು. ಅಳತೆಗೆ ಮೈಯನ್ನು ಅಳೆಯುವುದಕ್ಕಿಂತ, ಸರಿಯಾಗಿ ಕೂರುವ ತನ್ನದೇ ಒಂದು ಅಂಗಿಯನ್ನು ಹಾಸಿ, ಅದರ ಭುಜ, ಎದೆ, ಉದ್ದವನ್ನು ಬರೆದಿಟ್ಟುಕೊಂಡು ಹೋಲಿಸುವುದು ಸುಲಭ. ಎದೆ ದೊಡ್ಡದಿದ್ದರೆ ಪಕ್ಕದ ಹೊಲಿಗೆಯಲ್ಲಿ ಇಳಿಸಬಹುದು, ಭುಜ ದೊಡ್ಡದಿದ್ದರೆ ತೋಳು ಕಿತ್ತು ಮತ್ತೆ ಕೂಡಿಸಬೇಕಾಗುತ್ತದೆ. ಹೊಸಬರು ಭುಜ ಸರಿಯಿರುವ ಅಂಗಿಯನ್ನೇ ಆರಿಸಿಕೊಳ್ಳಲಿ.

ಸೀರೆಯ ಬಗ್ಗೆ ನನಗೊಂದು ನಿಷ್ಠುರ ನಿಯಮವಿದೆ: ಉಡಲು ಬರುವ ಸೀರೆಯನ್ನು ಕತ್ತರಿಸಬಾರದು. ಒಡಲು ಹರಿದು ಅಂಚು, ಸೆರಗು ಮಾತ್ರ ಗಟ್ಟಿಯಾಗಿರುವ ಸೀರೆಗಳು ಬೇಕಾದಷ್ಟು ಸಿಗುತ್ತವೆ, ಕತ್ತರಿಗೆ ಅವು ಸಾಕು. ಇಳಕಲ್‌ನ ಕೆಂಪು ಸೆರಗನ್ನು ಕಪ್ಪು ಅಥವಾ ಚೊಗರು ಬಣ್ಣದ ಅಂಗಿಯ ಬೆನ್ನಿನ ಮೇಲ್ಭಾಗಕ್ಕೆ ಭುಜದಿಂದ ಭುಜಕ್ಕೆ ಕೂಡಿಸಿದರೆ ಮುಂದಿನಿಂದ ಸಾಧಾರಣವಾಗಿ ಕಾಣುವ ಅಂಗಿ ತಿರುಗಿದಾಗ ಬೇರೆಯದೇ ಆಗುತ್ತದೆ. ಸೀರೆಯ ಅಂಚನ್ನು ಜೀನ್ಸ್‌ನ ಕಾಲಿನ ಹೊರಹೊಲಿಗೆಯುದ್ದಕ್ಕೂ ಇಳಿಬಿಡಬಹುದು. ಖಣದ ಬಟ್ಟೆಗೆ ಅದರ ಸಣ್ಣ ಹೂಗಳೇ ಅಲಂಕಾರವಾಗಿರುವುದರಿಂದ ಅದನ್ನು ಜೇಬು, ಕಫ್, ಕಾಲರಿನ ಒಳಬದಿಯಂಥ ಚಿಕ್ಕ ಜಾಗಗಳಿಗೆ ಮೀಸಲಿಡುವುದು ಚೆಂದ. ಮೈ ಒರೆಸುವ ಪಾಣಿಪಂಚೆ ತೆಳುವಾದರೂ ಬೇಸಿಗೆಯ ಅಂಗಿಗೆ ಒಳ್ಳೆಯ ಜೇಬಾಗುತ್ತದೆ. ತೆಳುವಾದ ಹಳೆಯ ಬಟ್ಟೆಯನ್ನು ಯಾವುದಕ್ಕೆ ಕೂಡಿಸಿದರೂ ಹಿಂಬದಿಗೆ ತೊಳೆದ ಮಲ್ (ತೆಳು ಹತ್ತಿ) ಬಟ್ಟೆಯ ಆಧಾರ ಕೊಟ್ಟು, ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಸಣ್ಣ ಸೂಜಿಯಲ್ಲಿ ಯಂತ್ರದ ಹೊಲಿಗೆ ಹಾಕಬೇಕು. ಹೊಸ ದಪ್ಪ ಬಟ್ಟೆಗೆ ಹಳೆಯ ತೆಳು ಬಟ್ಟೆಯನ್ನು ನೇರವಾಗಿ ಹೊಲಿದರೆ ತೊಳೆದಾಗ ದಪ್ಪನೆಯದು ಎಳೆದು ತೆಳುವಿನದು ಹರಿಯುತ್ತದೆ.

ತುಂಡುಗಳನ್ನು ಕೂಡಿಸುವ ಕಲೆಯನ್ನು ಕಲಿಯಲು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಮಹಿಳೆಯರು ಬಟ್ಟೆ ತುಂಡುಗಳಿಂದ ಹೊಲಿಯುವ ಹೊದಿಕೆಗಳಾದ ಕೌದಿಗಳಿಗಿಂತ ಉತ್ತಮ ಪಾಠ ಈ ಜಿಲ್ಲೆಯಲ್ಲಿಲ್ಲ. ಅವರು ಹಳೆಯ ಸೀರೆಯ ಮೇಲೆ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿಗೆ ಬರುತ್ತ, ಕೈಯಲ್ಲಿ ಓಡುಹೊಲಿಗೆಯ ಒತ್ತು ಸಾಲುಗಳನ್ನು ಹಾಕುತ್ತ ಹೋಗುತ್ತಾರೆ. ಮೂಲೆಗಳಿಗೆ ಮಡಿಸಿದ ತ್ರಿಕೋನ ತುಂಡುಗಳ ಹೂ ಇಡುತ್ತಾರೆ. ಸವೆದ ಬಟ್ಟೆಗೆ ಬಲ ಬರುವುದು ಆ ಸಾಲುಗಳಿಂದಲೇ. ಹಳೆಯ ಕೋಟಿನ ಒಳಪದರ ಹರಿದಿದ್ದರೆ ಇದೇ ರೀತಿಯಲ್ಲಿ ಹೊಸ ಒಳಪದರ ಕಟ್ಟಬಹುದು. ಅವರ ಕೈಯ ಕೌದಿಯನ್ನೇ ಕೊಂಡು ಕೋಟು ಹೊಲಿಸುವವರು ಅದಕ್ಕೆ ತಕ್ಕ ಬೆಲೆ ಕೊಡಬೇಕು, ಅದು ವಾರಗಟ್ಟಲೆ ನಡೆಯುವ ಕೈಕೆಲಸ.

ತನ್ನದೇ ಛಾಪು ಬೇಕೆಂದು ಇದೆಲ್ಲವನ್ನೂ ಒಂದೇ ಮೈಮೇಲೆ ಹೇರುವುದು ನನಗೆ ಸರಿಕಾಣುವುದಿಲ್ಲ. ಒಂದು ಉಡುಪಿನಲ್ಲಿ ಒಂದು ಚೇಷ್ಟೆ ಸಾಕು: ಐದು ಗುಂಡಿಗಳೂ ಬೇರೆ ಬೇರೆಯಾಗಿರುವ ಬಿಳಿ ಅಂಗಿ, ಅಥವಾ ಯಕ್ಷಗಾನದ ಕಸೆಸೀರೆಯ ಚೌಕುಳಿಯನ್ನು ನೆನಪಿಸುವ ಕೆಂಪು ಚೌಕುಳಿಯ ಒಂದೇ ತೋಳು. ಮೇಳದ ನಿಜವಾದ ಹಳೆಯ ವೇಷಭೂಷಣ ಸಿಕ್ಕರೆ ಮಾತ್ರ ಅದಕ್ಕೆ ಕತ್ತರಿ ಹಾಕದೆ ಹಾಗೆಯೇ ಇಡಬೇಕು. ಹಾಲಕ್ಕಿ ಹೆಂಗಸರ ಉಡುಗೆ, ಮಣಿಸರಗಳ ಬಗ್ಗೆಯೂ ನನ್ನ ಮಾತು ಇಷ್ಟೇ: ಅವುಗಳ ಬಣ್ಣ ನೋಡಿ ಕಲಿಯಬಹುದು, ಒಂದು ಜನಾಂಗದ ದಿನನಿತ್ಯದ ಉಡುಗೆಯನ್ನು ವೇಷವಾಗಿ ತೊಡುವುದು ಬೇಡ.

ಹೊಲಿಗೆ ಬಾರದವರು ದರ್ಜಿಯ ಬಳಿ ಹೋಗುವಾಗ ದೀಪಾವಳಿಯ ಹಿಂದಿನ ವಾರಗಳನ್ನೂ ಮದುವೆಯ ಕಾಲವನ್ನೂ ಬಿಟ್ಟು ಹೋಗಬೇಕು. ಬದಲಾವಣೆಯ ಕೆಲಸಕ್ಕೆ ಹೊಸದನ್ನು ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಮಜೂರಿ ಮಾತ್ರ ಕಡಿಮೆಯಿರಬೇಕೆಂದು ಎಲ್ಲರೂ ಬಯಸುತ್ತಾರೆ. ದರ್ಜಿಗಳು ಅದನ್ನು ಒಲ್ಲೆನ್ನುವುದಕ್ಕೆ ಕಾರಣ ಇದೇ. ಬೇಕಾದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು, ತುಂಡುಗಳನ್ನು ಪಿನ್ನು ಹಾಕಿ ಕೂಡಿಸಿ, ಹೊಂದುವ ದಾರವನ್ನೂ ಜೊತೆಗೆ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ರೇಷ್ಮೆಯ ಸಣ್ಣ ಹರುಕಿಗೆ ರಫೂ, ಅಂದರೆ ಎಳೆಗೆ ಎಳೆ ಸೇರಿಸಿ ನೇಯ್ದಂತೆ ಮುಚ್ಚುವ ಕೆಲಸ, ಮಾಡುವವರನ್ನೇ ಹುಡುಕಬೇಕು, ಸಾಮಾನ್ಯ ದರ್ಜಿಯ ಯಂತ್ರ ಅದನ್ನು ಇನ್ನಷ್ಟು ಕಚ್ಚುತ್ತದೆ.

ಸಿದ್ಧವಾದ ಬಟ್ಟೆಯನ್ನು ಮೇ ತಿಂಗಳ ಬಿಸಿಲು ಇರುವಾಗಲೇ ಪೂರ್ತಿ ಒಣಗಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಇಡಬೇಕು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಗಂಜಿ ಹಾಕಿ ಇಟ್ಟರೆ ಹುಳುಗಳಿಗೆ ಆಹಾರವಾಗುವುದರಿಂದ ಗಂಜಿ, ಇಸ್ತ್ರಿ ಎರಡೂ ತೊಡುವ ದಿನಕ್ಕೆ ಇರಲಿ. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ತೆಗೆದು ಗಾಳಿಗೆ ಹರಡಿ, ಮಡಿಕೆಯ ಜಾಗ ಬದಲಿಸಿ ಮತ್ತೆ ಮಡಿಸಬೇಕು. ನುಸಿಗುಳಿಗೆ ಇಡುವವರು ಅದನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಲಿ, ಜರಿಗೂ ರೇಷ್ಮೆಗೂ ಅದು ತಾಗಬಾರದು.