ಬರೀ ‘ಮ್ಯಾಕ್ಸ್’ ಅಂದರೆ ಯಾವ ಡಿಸ್ಕ್? ಬಿಟಿಆರ್‌ಎಫ್‌ಎಸ್ ಹಿಗ್ಗಿಸಿದ ನನ್ನ ಅನುಭವ

ನಮ್ಮ ಮನೆಯ ಸರ್ವರ್‌ನಲ್ಲಿ ಮೂರು ಡಿಸ್ಕ್ ಇದ್ದವು. ಮೂರೂ 4 ಟಿಬಿ. ಮೂರನ್ನೂ ಸೇರಿಸಿ ಒಂದೇ ಬಿಟಿಆರ್‌ಎಫ್‌ಎಸ್ (ಲಿನಕ್ಸ್‌ನ ಒಂದು ಫೈಲ್‌ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಮಾಡಿಕೊಂಡಿದ್ದೆ. ಡೇಟಾ, ಮೆಟಾಡೇಟಾ (ಫೈಲ್‌ಗಳ ಹೆಸರು, ಅವು ಇರುವ ಜಾಗದಂಥ ವಿವರ) ಎರಡೂ ರೇಡ್1. ಬಿಟಿಆರ್‌ಎಫ್‌ಎಸ್‌ನಲ್ಲಿ ರೇಡ್1 ಅಂದರೆ ಪ್ರತಿಯೊಂದಕ್ಕೂ ಎರಡು ಪ್ರತಿ, ಅವೆರಡೂ ಬೇರೆ ಬೇರೆ ಡಿಸ್ಕ್‌ನಲ್ಲಿ. ಡಿಸ್ಕ್ ಮೂರಿದ್ದರೂ ಪ್ರತಿ ಎರಡೇ. ಹಾಗಾಗಿ 12 ಟಿಬಿಯಲ್ಲಿ ಕೈಗೆ ಸಿಗುವುದು 6. ಅದರಲ್ಲಿ ಐದೂವರೆಯ ಹತ್ತಿರ ತುಂಬಿಹೋಗಿತ್ತು. ಎರಡು ಹಳೆಯ ಡಿಸ್ಕ್ ತೆಗೆದು 8 ಟಿಬಿಯವನ್ನು ಹಾಕುವುದು ನನ್ನ ಲೆಕ್ಕ. 8, 8, 4. ಒಟ್ಟು 20, ಅದರ ಅರ್ಧ 10.

ಡಿಸ್ಕ್ ದೊಡ್ಡದಾದರೆ ಫೈಲ್‌ಸಿಸ್ಟಮ್ ತಾನಾಗಿ ದೊಡ್ಡದಾಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ‘ಡಿವೈಸ್ ಆ್ಯಡ್’ ಕೊಟ್ಟು ಹೊಸ ಡಿಸ್ಕ್ ಸೇರಿಸಿದರೆ ಪೂರ್ತಿ ಡಿಸ್ಕ್ ತಕ್ಷಣ ಬಳಕೆಗೆ ಬರುತ್ತದೆ, ರೀಸೈಜ್ (ಅಳತೆ ಬದಲಿಸುವುದು) ಮಾಡುವ ಮಾತೇ ಇಲ್ಲ. ‘ರಿಪ್ಲೇಸ್’ ಹಾಗಲ್ಲ. ಅದು ಹಳೆಯ ಡಿಸ್ಕ್‌ನಲ್ಲಿದ್ದದ್ದನ್ನು ಹೊಸದಕ್ಕೆ ನಕಲು ಮಾಡುತ್ತದೆ. ಹಳೆಯದರ ಸಂಖ್ಯೆ (ಡಿವೈಸ್ ಐಡಿ, ಫೈಲ್‌ಸಿಸ್ಟಮ್ ಪ್ರತಿ ಡಿಸ್ಕ್‌ಗೂ ಕೊಡುವ ನಂಬರ್) ಹೊಸದಕ್ಕೆ ಬರುತ್ತದೆ, ಜೊತೆಗೆ ಹಳೆಯ ಅಳತೆಯೂ ಬರುತ್ತದೆ. ಉಳಿದ ಜಾಗ ಡಿಸ್ಕ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ಅದನ್ನು ಬಳಕೆಗೆ ತರುವುದು ರೀಸೈಜ್ ಕೆಲಸ.

ರೀಸೈಜ್ ಆಜ್ಞೆಗೆ ಅಳತೆ ಮತ್ತು ಮೌಂಟ್ ಆದ ಜಾಗ (ಫೈಲ್‌ಸಿಸ್ಟಮ್ ತೆರೆದುಕೊಳ್ಳುವ ಫೋಲ್ಡರ್) ಕೊಟ್ಟರೆ ಸಾಕು. ‘ಮ್ಯಾಕ್ಸ್’ ಅಂದರೆ ಸಿಗುವಷ್ಟೂ. ಮೌಂಟ್ ಆದ ಜಾಗವನ್ನೇ ಕೊಡುವುದರಿಂದ ಇದು ಇಡೀ ಫೈಲ್‌ಸಿಸ್ಟಮ್‌ಗೆ ಹೇಳಿದ ಮಾತು ಅನ್ನಿಸುತ್ತದೆ ಅಲ್ವಾ? ಆದರೆ ಮ್ಯಾನುಯಲ್‌ನಲ್ಲಿ ಒಂದು ಸಣ್ಣ ಸಾಲಿದೆ: ಡಿವೈಸ್ ಐಡಿ ಕೊಡದಿದ್ದರೆ 1 ಅಂತ ತೆಗೆದುಕೊಳ್ಳುತ್ತದೆ. ಅಂದರೆ ಎಲ್ಲ ಡಿಸ್ಕ್ ಅಲ್ಲ, ಈಗ ತಾನೇ ಬದಲಿಸಿದ ಡಿಸ್ಕೂ ಅಲ್ಲ. ಒಂದನೇ ನಂಬರಿನ ಡಿಸ್ಕ್ ಮಾತ್ರ. ನಾನು ಬದಲಿಸಬೇಕಿದ್ದದ್ದು 2 ಮತ್ತು 3.

ಇಂಥ ಸಾಲು ಓದಿದ ಮೇಲೆ ನಿಜವಾದ ಡೇಟಾ ಮುಟ್ಟುವ ಮೊದಲು ಆಟದ ಡಿಸ್ಕ್ ಮಾಡಿ ನೋಡುವುದು ನನ್ನ ಅಭ್ಯಾಸ. ಖರ್ಚಿಲ್ಲದ ಕೆಲಸ. ‘ಟ್ರಂಕೇಟ್’ನಿಂದ 5 ಜಿಬಿಯ ಮೂರು ಖಾಲಿ ಫೈಲ್ ಮಾಡಿ. ಅವು ನಿಜಕ್ಕೂ ಅಷ್ಟು ಜಾಗ ತಿನ್ನುವುದಿಲ್ಲ. ‘ಲೋಸೆಟಪ್’ನಿಂದ ಮೂರನ್ನೂ ಲೂಪ್ ಡಿವೈಸ್ (ಡಿಸ್ಕ್‌ನಂತೆ ಬಳಸಬಹುದಾದ ಫೈಲ್) ಮಾಡಿ, ಮೇಲೆ ರೇಡ್1 ಬಿಟಿಆರ್‌ಎಫ್‌ಎಸ್ ಕಟ್ಟಿ ಮೌಂಟ್ ಮಾಡಿ. ಆಮೇಲೆ ಎರಡನೇ ಫೈಲನ್ನು ಮಾತ್ರ 10 ಜಿಬಿಗೆ ಎಳೆದು, ಆ ಲೂಪ್ ಡಿವೈಸ್‌ಗೆ ಹೊಸ ಅಳತೆ ಓದಿಕೊಳ್ಳಲು ಹೇಳಿ. ದೊಡ್ಡ ಡಿಸ್ಕ್ ಬಂದ ಹಾಗೇ ಆಯಿತು.

ಈಗ ಬರೀ ‘ಮ್ಯಾಕ್ಸ್’ ಕೊಟ್ಟೆ. ಆಜ್ಞೆ ಗೆದ್ದಿತು. ದೋಷ ಇಲ್ಲ, ಎಚ್ಚರಿಕೆ ಇಲ್ಲ, ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಎಲ್ಲ ಸರಿಯಾಯಿತು ಅಂತ. ಜಾಗ ಮಾತ್ರ ಇದ್ದಷ್ಟೇ. ಒಂದನೇ ಡಿಸ್ಕ್ ಆಗಲೇ ಪೂರ್ತಿ ಬಳಕೆಯಲ್ಲಿತ್ತು, ಅದನ್ನು ಪೂರ್ತಿ ಮಾಡು ಅಂದರೆ ಮಾಡುವುದೇನು? ಹೊಸ ಆವೃತ್ತಿಯ ಸಾಧನಗಳು ಯಾವ ಐಡಿ, ಯಾವ ಡಿಸ್ಕ್ ಅಂತ ಒಂದು ಸಾಲು ಮುದ್ರಿಸುತ್ತವೆ, ಅದನ್ನು ಓದಿದರೆ ಗೊತ್ತಾಗುತ್ತದೆ. ಹಳೆಯವು ಮೌಂಟ್ ಆದ ಜಾಗದ ಹೆಸರು ಮತ್ತು ‘ಮ್ಯಾಕ್ಸ್’ ಅಷ್ಟೇ ಹೇಳಿ ಸುಮ್ಮನಾಗುತ್ತಿದ್ದವು. ಸ್ಕ್ರಿಪ್ಟ್ ಒಳಗೆ ಇದು ಓಡಿದರಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

‘2:ಮ್ಯಾಕ್ಸ್’ ಅಂತ ಕೊಟ್ಟೆ. ಒಂದು ಕ್ಷಣದಲ್ಲಿ ಎರಡನೆಯದು ಹಿಗ್ಗಿತು.

ಅಲ್ಲಿಗೆ ನಿಲ್ಲಿಸಲಿಲ್ಲ. ಒಂದನೇ ಡಿವೈಸನ್ನು ‘ಡಿವೈಸ್ ರಿಮೂವ್’ನಿಂದ ತೆಗೆದುಹಾಕಿ, ಮತ್ತೆ ಬರೀ ‘ಮ್ಯಾಕ್ಸ್’ ಕೊಟ್ಟೆ. ಈ ಸಲ ಅಂಥ ಡಿವೈಸೇ ಇಲ್ಲ ಅಂತ ದೋಷ ಬಂತು. ಉಳಿದ ಎರಡು ಡಿಸ್ಕ್ ಕಣ್ಣೆದುರೇ ಇವೆ, ಆದರೂ ಅದು ಹುಡುಕುವುದು 1ನ್ನೇ. ಡಿಸ್ಕ್ ಹೋದ ಮೇಲೆ ಉಳಿದವು ತಮ್ಮ ನಂಬರ್ ಬದಲಿಸಿಕೊಳ್ಳುವುದಿಲ್ಲ. ಹೊಸದಾಗಿ ಸೇರುವ ಡಿಸ್ಕ್‌ಗೂ ಇರುವುದರಲ್ಲಿ ದೊಡ್ಡ ನಂಬರಿನ ಮುಂದಿನದೇ ಸಿಗುತ್ತದೆ. ಹಾಗಾಗಿ ಆ್ಯಡ್, ರಿಮೂವ್ ಮಾಡುತ್ತಾ ಬಂದ ಹಳೆಯ ಸರ್ವರ್‌ಗಳಲ್ಲಿ 3, 5, 6 ಅಂತ ಐಡಿ ಇರುವುದು ಮಾಮೂಲು. ನನ್ನ ದೃಷ್ಟಿಯಲ್ಲಿ ದೋಷ ಬರುವ ಈ ಸ್ಥಿತಿಯೇ ವಾಸಿ. ಸುಳ್ಳು ಸಮಾಧಾನ ಕೊಡುವುದಿಲ್ಲ.

ಇನ್ನೊಂದು ಪ್ರಯೋಗ ಕುಗ್ಗಿಸುವುದು. ಹೊಸದಾಗಿ ಕಟ್ಟಿಕೊಂಡು ‘ಮೈನಸ್ 1 ಜಿಬಿ’ ಅಂತ ಐಡಿ ಇಲ್ಲದೆ ಕೊಟ್ಟೆ. ಒಂದನೆಯದೇ ಕುಗ್ಗಿತು. ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇದು. ಹಿಗ್ಗಿಸುವಾಗ ತಪ್ಪು ಡಿಸ್ಕ್ ಹಿಡಿದರೆ ಏನೂ ಆಗುವುದಿಲ್ಲ, ಅಷ್ಟೇ. ಕುಗ್ಗಿಸುವಾಗ ಹಾಗಲ್ಲ. ಸಾಮಾನ್ಯವಾಗಿ ಫೈಲ್‌ಸಿಸ್ಟಮ್ ಕುಗ್ಗಿಸಿ ಆಮೇಲೆ ಪಾರ್ಟಿಷನ್ ಕತ್ತರಿಸುತ್ತೇವೆ. ಕುಗ್ಗಿದ್ದು ಒಂದನೇ ಡಿಸ್ಕ್, ನೀವು ಕತ್ತರಿಸಿದ್ದು ಎರಡನೆಯದರ ಪಾರ್ಟಿಷನ್ ಅಂತಾದರೆ ಡೇಟಾ ಇರುವ ಜಾಗಕ್ಕೇ ಕತ್ತರಿ ಬಿದ್ದ ಹಾಗೆ.

ಯಾಕೆ ಹೀಗೆ ಅಂತ ಕರ್ನಲ್‌ನ (ಲಿನಕ್ಸ್‌ನ ತಿರುಳು) ಮೂಲ ಕೋಡ್ ತೆಗೆದು ನೋಡಿದೆ. ರೀಸೈಜ್ ನೋಡಿಕೊಳ್ಳುವ ಫಂಕ್ಷನ್‌ನಲ್ಲಿ ಡಿವೈಸ್ ಐಡಿಯ ಆರಂಭದ ಬೆಲೆಯೇ 1. ನಾವು ಕೊಟ್ಟ ಪಠ್ಯದಲ್ಲಿ ಕೋಲನ್ ಇದೆಯಾ ಅಂತ ಹುಡುಕುತ್ತದೆ. ಇದ್ದರೆ ಅದರ ಹಿಂದಿನ ಸಂಖ್ಯೆ ಐಡಿ. ಇಲ್ಲದಿದ್ದರೆ 1 ಹಾಗೇ ಉಳಿಯುತ್ತದೆ. ಅಷ್ಟೇ ವಿಷಯ. ಎಂಕೆಎಫ್‌ಎಸ್ ಆಜ್ಞೆಯಿಂದ ಫೈಲ್‌ಸಿಸ್ಟಮ್ ಕಟ್ಟುವಾಗ ಮೊದಲ ಡಿಸ್ಕ್‌ಗೆ ಸಿಗುವುದು 1. ಲ್ಯಾಪ್‌ಟಾಪ್‌ನಲ್ಲಿರುವುದು ಒಂದೇ ಡಿಸ್ಕ್. ಅಲ್ಲಿ ಐಡಿ ಕೇಳಿದರೆ ಕಿರಿಕಿರಿ, 1 ಅಂತ ಊಹಿಸಿದರೆ ಸರಿ. ಆದರೆ ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದಾಗಲೂ ಕೇಳದೆ ಊಹಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಲವು ಡಿಸ್ಕ್ ನಿಭಾಯಿಸುವ ಬೇರೆ ವ್ಯವಸ್ಥೆಗಳನ್ನೇ ನೋಡಿ. ಎಲ್‌ವಿಎಂನಲ್ಲಿ ‘ಪಿವಿರೀಸೈಜ್’ಗೆ ಯಾವ ಡಿಸ್ಕ್ ಅಂತ ಹೆಸರು ಕೊಡಲೇಬೇಕು. ಜೆಡ್‌ಎಫ್‌ಎಸ್‌ನಲ್ಲಿ ತಾನಾಗಿ ಹಿಗ್ಗುವ ‘ಆಟೋಎಕ್ಸ್‌ಪ್ಯಾಂಡ್’ ಡಿಫಾಲ್ಟ್ ಆಗಿ ಆಫ್ ಇರುತ್ತದೆ, ಕೈಯಾರೆ ಹಿಗ್ಗಿಸುವುದಾದರೆ ಡಿಸ್ಕ್ ಹೆಸರು ಬೇಕೇ ಬೇಕು.

ಇನ್ನು ನಿಜವಾದ ಕೆಲಸ. ಬೋರ್ಡ್‌ನಲ್ಲಿ ಒಂದು ಸಾಟಾ ಪೋರ್ಟ್ ಖಾಲಿ ಇತ್ತು. ಹೊಸ ಡಿಸ್ಕ್ ಅಲ್ಲಿ ಹಾಕಿ, ಹಳೆಯದು ಇನ್ನೂ ಒಳಗಿರುವಾಗಲೇ ರಿಪ್ಲೇಸ್ ಶುರು ಮಾಡಿದೆ. ಆ್ಯಡ್ ಮಾಡಿ ರಿಮೂವ್ ಮಾಡುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ಚಂಕ್‌ಗಳನ್ನು (ಬಿಟಿಆರ್‌ಎಫ್‌ಎಸ್ ಜಾಗ ಹಂಚುವ ದೊಡ್ಡ ತುಂಡುಗಳು) ಎಲ್ಲೆಡೆ ಹಂಚಾಡುವ ಕೆಲಸ ಇರುವುದಿಲ್ಲ. ಮೂಲವನ್ನು ಎಸ್‌ಡಿಬಿ, ಎಸ್‌ಡಿಸಿ ಅಂತ ಹೆಸರಿನಿಂದ ಹೇಳದೆ ಐಡಿಯಿಂದಲೇ ಹೇಳಿದೆ. ಆ ಹೆಸರುಗಳು ರೀಬೂಟ್ ಆದಾಗ ಅದಲು ಬದಲಾಗಬಹುದು. ಐಡಿ ಡಿಸ್ಕ್‌ನ ಸೂಪರ್‌ಬ್ಲಾಕ್‌ನಲ್ಲೇ (ಫೈಲ್‌ಸಿಸ್ಟಮ್‌ನ ಮುಖ್ಯ ವಿವರ ಇರುವ ಭಾಗ) ಬರೆದಿರುತ್ತದೆ, ಬದಲಾಗುವುದಿಲ್ಲ. ರಾತ್ರಿ ಶುರು ಮಾಡಿದರೆ ಬೆಳಗಾಗುವ ಹೊತ್ತಿಗೆ ಮುಗಿದಿರುತ್ತಿತ್ತು. ನಡುವೆ ಕರೆಂಟ್ ಹೋದರೂ ಮತ್ತೆ ಮೌಂಟ್ ಆದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆದರೂ ಯುಪಿಎಸ್ ಇಲ್ಲದೆ ನಾನಂತೂ ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮೊದಲು ಎರಡನೇ ಐಡಿ. ರಿಪ್ಲೇಸ್ ಮುಗಿದಾಗ ‘ಫೈಲ್‌ಸಿಸ್ಟಮ್ ಶೋ’ ಎರಡನೆಯದಕ್ಕೆ 3.64 ಟಿಐಬಿ ಅಂತಲೇ ತೋರಿಸುತ್ತಿತ್ತು, ಅಂದರೆ ಹಳೆಯ 4 ಟಿಬಿ. ‘ಡಿವೈಸ್ ಯೂಸೇಜ್’ನಲ್ಲಿ ‘ಡಿವೈಸ್ ಸ್ಲ್ಯಾಕ್’ ಅಂತ ಒಂದು ಸಾಲು ಬರುತ್ತದೆ. ಡಿಸ್ಕ್‌ನಲ್ಲಿದ್ದೂ ಫೈಲ್‌ಸಿಸ್ಟಮ್ ಮುಟ್ಟದ ಜಾಗ ಅದು. ಅಲ್ಲಿಯೂ 3.64. ‘2:ಮ್ಯಾಕ್ಸ್’ ಕೊಟ್ಟ ಮೇಲೆ ಸ್ಲ್ಯಾಕ್ ಸೊನ್ನೆಯಾಯಿತು. ರೀಸೈಜ್ ಆಯಿತೋ ಇಲ್ಲವೋ ಅಂತ ನೋಡಲು ನಾನು ನಂಬುವುದು ಈ ಸಾಲನ್ನೇ. ಖಾಲಿ ಜಾಗ ನೋಡುವ ಮಾಮೂಲಿ ‘ಡಿಎಫ್’ ಆಜ್ಞೆ ತೋರಿಸುವ ಒಟ್ಟು ಗಾತ್ರ ಎಲ್ಲ ಡಿಸ್ಕ್ ಕೂಡಿಸಿ ಎರಡರಿಂದ ಭಾಗಿಸಿದ್ದು. ಒಂದು ಡಿಸ್ಕ್ ಮಾತ್ರ ದೊಡ್ಡದಿದ್ದಾಗ ಅದು ಆಸೆ ಹುಟ್ಟಿಸುತ್ತದೆ.

ಈ ನಡುವಿನ ಹಂತವನ್ನು ಸ್ವಲ್ಪ ಗಮನಿಸಿ. 8, 4, 4 ಇದ್ದಾಗ ಲೆಕ್ಕದ ಪ್ರಕಾರ 8 ಟಿಬಿ ಸಿಗಬೇಕು. ನಿಜಕ್ಕೂ ಸಿಗುತ್ತಿರಲಿಲ್ಲ. ರೇಡ್1ಗೆ ಪ್ರತಿ ಸಲ ಎರಡು ಡಿಸ್ಕ್‌ನಲ್ಲಿ ಖಾಲಿ ಜಾಗ ಬೇಕು. ದೊಡ್ಡ ಡಿಸ್ಕ್‌ನಲ್ಲಿ ಬೇಕಾದಷ್ಟಿದೆ, ಆದರೆ 1 ಮತ್ತು 3 ಹೆಚ್ಚುಕಮ್ಮಿ ತುಂಬಿವೆ. ಜೊತೆಗಾರ ಇಲ್ಲದೆ ಆ ಖಾಲಿ ಜಾಗ ಇದ್ದೂ ಇಲ್ಲದ ಹಾಗೆ. ಇಲ್ಲಿಗೇ ನಿಲ್ಲಿಸುವವರು ‘ಬ್ಯಾಲೆನ್ಸ್’ ಓಡಿಸಿ ಹಳೆಯ ಚಂಕ್‌ಗಳನ್ನು ಮರುಹಂಚಬೇಕು. ರೀಸೈಜ್ ಒಂದೇ ಸಾಲದು. ನಾನು ಮೂರನೆಯದನ್ನೂ ಬದಲಿಸುವವನಿದ್ದೆ, ಹಾಗಾಗಿ ಬ್ಯಾಲೆನ್ಸ್ ಬಿಟ್ಟೆ. ಮೂರನೆಯದೂ ಮುಗಿದು ‘3:ಮ್ಯಾಕ್ಸ್’ ಕೊಟ್ಟಾಗ ಎರಡು ದೊಡ್ಡ ಡಿಸ್ಕ್‌ಗಳಲ್ಲೂ ಒಂದೇ ಸಮ ಜಾಗ. ಹೊಸ ಚಂಕ್‌ಗಳು ಹೆಚ್ಚು ಖಾಲಿ ಇರುವ ಡಿಸ್ಕ್‌ಗಳಿಗೇ ಹೋಗುತ್ತವೆ, ಅಂದರೆ ಇವೆರಡಕ್ಕೆ. ಬ್ಯಾಲೆನ್ಸ್ ಬೇಕಾಗಲೇ ಇಲ್ಲ.

ಡಿಸ್ಕ್ ಮೇಲೆ ಲಕ್ಸ್ ಎನ್‌ಕ್ರಿಪ್ಷನ್ ಇದ್ದರೆ ಅಥವಾ ಪಾರ್ಟಿಷನ್ ಇದ್ದರೆ ಮೊದಲು ಆ ಪದರ ಹಿಗ್ಗಬೇಕು, ಆಮೇಲೆ ಫೈಲ್‌ಸಿಸ್ಟಮ್. ನನ್ನವು ಪಾರ್ಟಿಷನ್ ಇಲ್ಲದ ಇಡೀ ಡಿಸ್ಕ್‌ಗಳು, ಆ ರಗಳೆ ಇರಲಿಲ್ಲ.

ಒಂದನೇ ಐಡಿಯದು ಇನ್ನೂ ಅದೇ 4 ಟಿಬಿ ಡಿಸ್ಕ್. ಸರ್ವರ್‌ನಲ್ಲಿರುವ ನನ್ನ ಸ್ಕ್ರಿಪ್ಟ್‌ನಲ್ಲಿ ಈಗ ಐಡಿ ಇಲ್ಲದೆ ರೀಸೈಜ್ ಕರೆದರೆ ಮುಂದೆ ಹೋಗುವುದೇ ಇಲ್ಲ. ಎಲ್ಲ ಐಡಿಗಳನ್ನೂ ಅವುಗಳ ಸ್ಲ್ಯಾಕ್ ಸಮೇತ ಪಟ್ಟಿ ಮಾಡಿ ತೋರಿಸಿ, ಯಾವುದು ಅಂತ ಕೇಳುತ್ತದೆ.